ಸಾಹೇಬರ ಮನೆಗೆ ಅವ್ವ ನಳ ರಿಪೇರಿಗೆ ಹೋದದ್ದು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಅವ್ವನ ವಿಷಯದಲ್ಲಿ ನನಗೆ ಆ ಕಷ್ಟವಿಲ್ಲ. ಕೆಟ್ಟದ್ದು ಹುಡುಕಿದರೂ ಸಿಗುವುದಿಲ್ಲ. ಕಷ್ಟವಿರುವುದು ಇನ್ನೂ ಬದುಕಿರುವ ನನ್ನ ಬಗ್ಗೆ. ಅವಳು ಹೋಗಿ ಎರಡು ವರ್ಷವಾಯಿತು. ಯಾರಾದರೂ "ನಿಮ್ಮ ತಾಯಿ ಭಾಳ ಗಟ್ಟಿ ಹೆಣ್ಣುಮಗಳು ಇದ್ರು ಬಿಡ್ರಿ" ಎಂದಾಗ ನಾನು ತಲೆ ತಗ್ಗಿಸುತ್ತೇನೆ. ಪಾಪ, ದುಃಖ ಇನ್ನೂ ಆರಿಲ್ಲ ಎಂದುಕೊಳ್ಳುತ್ತಾರೆ. ಅದು ದುಃಖವಲ್ಲ, ನಾಚಿಕೆ.

ಅವ್ವ ಭಾಲ್ಕಿಯವಳು. ಮದುವೆಯಾಗಿ ನಾಸಿಕಕ್ಕೆ ಬಂದಳು. ಅಲ್ಲಿ ಅಪ್ಪನದು ನಳ, ಪೈಪು, ಬೋಲ್ಟು ಮಾರುವ ಅಂಗಡಿ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟು ದೊಡ್ಡದು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಂಗಡಿ ಮಾರಿ ಊರಿಗೆ ಬಾ ಎಂದು ಬಂಧುಗಳು ಬುದ್ಧಿ ಹೇಳಿದರು. ಅವ್ವ ಎಲ್ಲರ ಮಾತಿಗೂ ಹೂಂ ಎಂದು, ಅವರನ್ನೆಲ್ಲ ಬಸ್ಸು ಹತ್ತಿಸಿ ಬಂದು, ಅಂಗಡಿಯ ಬಾಗಿಲು ತೆಗೆದಳು. ನಳ ಕೊಂಡವರು ಅದನ್ನು ಕೂರಿಸುವವರು ಯಾರು ಎಂದು ಕೇಳುತ್ತಿದ್ದರು. ಪ್ಲಂಬರುಗಳೋ, ಇವತ್ತು ಎಂದರೆ ನಾಳೆ, ನಾಳೆ ಎಂದರೆ ಯುಗಾದಿ. ಕೊನೆಗೆ ಅವಳೇ ನಳ ಬಿಗಿಯುವ ಪಾನಾ ಹಿಡಿದಳು. ಮೊದಲು ನಮ್ಮ ಬಚ್ಚಲಿನ ನಳವನ್ನೇ ಬಿಚ್ಚಿ ಜೋಡಿಸಿ ಕಲಿತಳು. ಆ ವಾರ ನಾವು ಪಕ್ಕದ ಮನೆಯಲ್ಲಿ ಸ್ನಾನ ಮಾಡಿದೆವು. ಆಮೇಲೆ ಪಕ್ಕದ ಮನೆಯವರೇ ಅವಳನ್ನು ಕರೆಯತೊಡಗಿದರು. ಆ ಪಾನಾದಿಂದಲೇ ನಾನು ಓದಿ, ಸಂಭಾಜಿನಗರದ ಚಿಕಲಠಾಣಾದಲ್ಲಿ ಒಂದು ಕಾರ್ಖಾನೆಯ ಮೇಂಟೆನನ್ಸ್ ಇಂಜಿನಿಯರ್ ಆದೆ. ಮನೆಯ ನಳ ಸೋರಿದರೆ ಕೆಳಗೆ ಬಕೆಟ್ ಇಟ್ಟು ಬರುವ ಇಂಜಿನಿಯರ್.

ಕಾರ್ಖಾನೆಯಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಎಲ್ಲರೂ ಮನೆತನವನ್ನೂ ಬಿಚ್ಚುತ್ತಾರೆ. ನಾಸಿಕದಲ್ಲಿ ನಮ್ಮದು ದೊಡ್ಡ ವ್ಯಾಪಾರ, ತಾಯಿ ಗಾದಿಯ ಮೇಲೆ ಕೂತು ನೋಡಿಕೊಳ್ಳುತ್ತಾರೆ, ಕೆಲಸಕ್ಕೆ ಆಳುಕಾಳು ಇದ್ದಾರೆ ಎಂದು ನಾನೂ ಒಗ್ಗರಣೆ ಹಾಕಿ ಹೇಳಿದ್ದೆ.

ಅವ್ವ ನಮ್ಮಲ್ಲಿಗೆ ಬಂದಿದ್ದಾಗ ಒಂದು ಭಾನುವಾರ. ಅಂದು ನೀರಿನ ದಿನ. ನಮ್ಮ ಬಡಾವಣೆಗೆ ನೀರು ವಾರಕ್ಕೊಮ್ಮೆ ಬರುವುದರಿಂದ ಅದಕ್ಕೆ ಬೀಗರಿಗಿಂತ ಹೆಚ್ಚಿನ ಉಪಚಾರ. ಅವ್ವ ಸೀರೆಗೆ ಕಚ್ಚೆ ಹಾಕಿ, ತಲೆಗೆ ನನ್ನ ಹಳೆಯ ಟವೆಲ್ ಸುತ್ತಿ, ಏಣಿ ಹತ್ತಿ ನೀರಿನ ಟಾಕಿಯ ಪೈಪು ಬಿಗಿಯುತ್ತಿದ್ದಳು. ಗೇಟು ತೆರೆದುಕೊಂಡಿತು. ಮಗಳ ಲಗ್ನಪತ್ರಿಕೆ ಹಿಡಿದು ನಮ್ಮ ಕಾರ್ಖಾನೆಯ ಸಾಹೇಬರು ನಿಂತಿದ್ದರು!

ಅವರು ಮೇಲೆ ನೋಡಿ, "ಅರೇ, ಹೆಂಗಸರೂ ಈ ಕೆಲಸ ಮಾಡುತ್ತಾರೆಯೇ? ಎಲ್ಲಿ ಸಿಕ್ಕರು?" ಎಂದು ಮರಾಠಿಯಲ್ಲಿ ಕೇಳಿದರು. ನನ್ನ ತಾಯಿ ಎಂದಿದ್ದರೆ ಎರಡೇ ಶಬ್ದ. ನನ್ನ ನಾಲಿಗೆ ನಾಲ್ಕು ಶಬ್ದ ಹುಡುಕಿತು: "ನಮ್ಮ ಊರ ಕಡೆಯವರು, ಪರಿಚಯದವರು."

ಅವ್ವನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಪಾನಾ ಒಂದು ಗಳಿಗೆ ನಿಂತು, ಮತ್ತೆ ತಿರುಗಿತು.

ತಮ್ಮ ಬಚ್ಚಲಿನ ನಳ ಹದಿನೈದು ದಿನದಿಂದ ಸೋರುತ್ತಿದೆ, ಇವರನ್ನು ಕಳಿಸಿಕೊಡುತ್ತೀರಾ ಎಂದರು ಸಾಹೇಬರು. ಅವರಿಗೆ ಪುರುಸೊತ್ತಿಲ್ಲ ಸರ್ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಸಂಜೆ ಬರುತ್ತೇನೆ ಸಾಹೇಬರೇ ಎಂದು ಮೇಲಿನಿಂದ ಮರಾಠಿಯಲ್ಲೇ ಉತ್ತರ ಬಂತು. ನನ್ನ ಹೆಂಡತಿ ಸಾಹೇಬರ ಮುಂದೆ ಚಹಾ ಇಟ್ಟಳು. ನನ್ನ ಕಪ್ಪನ್ನು ಕುಕ್ಕಿದಳು.

ಅವರು ಹೋದ ಮೇಲೆ, "ಅವ್ವಾ, ಹೋಗಬ್ಯಾಡ. ನಾಳಿ ನಾನೇ ಹೇಳ್ತೀನಿ" ಎಂದೆ.

"ಏನಂತ ಹೇಳ್ತಿ?"

ನಾನು ಲಗ್ನಪತ್ರಿಕೆಯನ್ನು ತಿರುಗಿಸಿ ನೋಡತೊಡಗಿದೆ.

"ಲಗ್ನದ ಮನಿ ಅದ, ನಳ ಸೋರಬಾರದು. ನಾ ಮಾತು ಕೊಟ್ಟೀನಿ. ಗಾಡಿ ತೆಗಿ" ಎಂದಳು.

ಸಂಜೆ ಸ್ಕೂಟರಿನಲ್ಲಿ ಕರೆದೊಯ್ದೆ. ಗೇಟಿನ ತನಕ ಬಿಡುವ ಎದೆಗಾರಿಕೆಯಿಲ್ಲದೆ ತಿರುವಿನಲ್ಲೇ ಇಳಿಸಿದೆ. ಎಪ್ಪತ್ತರ ಹತ್ತಿರದ ಮುದುಕಿ ಪಾನಾದ ಚೀಲ ಹೊತ್ತು ನಡೆದು ಹೋದಳು. ನಾನು ಕಬ್ಬಿನ ಹಾಲಿನ ಗಾಡಿಯ ಹಿಂದೆ ಅಡಗಿ ಮೂರು ಗ್ಲಾಸು ಕುಡಿದೆ. ತಾಸಿನ ಮೇಲೆ ಬಂದಳು. ಏನು ಮಾತಾಯಿತು ಎಂದು ಕೇಳಿದೆ. "ವಾಷರ್ ಹೋಗಿತ್ತು" ಎಂದಳು. ದಾರಿಯಲ್ಲಿ ತಪ್ಪಾಯಿತು ಅವ್ವಾ ಎಂದೆ. ಹೆಲ್ಮೆಟ್ಟಿನೊಳಗೆ ಅಂದದ್ದು ಅವಳಿಗೆ ಕೇಳಿಸಿರಲಿಕ್ಕಿಲ್ಲ. ಕೇಳಿಸುವ ಹಾಗೆ ಅನ್ನುವ ಮನಸ್ಸೂ ನನಗಿರಲಿಲ್ಲ. ನಾಳೆ ಸಾಹೇಬರಿಗೆ ಎಲ್ಲ ಹೇಳಿಬಿಡುವುದು ಎಂದು ಮಾತ್ರ ಗಟ್ಟಿ ಮಾಡಿಕೊಂಡೆ.

ಮರುದಿನ ಸಾಹೇಬರೇ ಕರೆಸಿದರು. ನಾನು ಗಂಟಲು ಸರಿಪಡಿಸಿಕೊಳ್ಳುವುದರೊಳಗೆ ಅವರೇ ಶುರು ಮಾಡಿದರು.

"ಎಂಥ ತಾಯಿ ರೀ ಅವರು! ಈ ವಯಸ್ಸಿನಲ್ಲಿ ಯಾಕೆ ದುಡಿಯುತ್ತೀರಿ, ಮಗ ನೋಡಿಕೊಳ್ಳುವುದಿಲ್ಲವೇ ಎಂದು ನನ್ನ ಹೆಂಡತಿ ಕೇಳಿದಳು. ಹೂವಿನ ಹಾಗೆ ನೋಡಿಕೊಳ್ಳುತ್ತಾನೆ, ಕೆಲಸ ಬೇಡವೆಂದು ಕಾಲಿಗೆ ಬೀಳುತ್ತಾನೆ, ನಾನೇ ಅವನ ಕಣ್ಣು ತಪ್ಪಿಸಿ ಬರುತ್ತೇನೆ ಎಂದರು. ನನ್ನ ಹೆಂಡತಿ ಅತ್ತೇಬಿಟ್ಟಳು. ಇಂಥ ಮಗನನ್ನು ಪಡೆಯಲು ಏಳು ಜನ್ಮದ ಪುಣ್ಯ ಬೇಕು. ನಿಮಗೆ ಅವನು ಗೊತ್ತೇ?"

"ಗೊತ್ತು ಸರ್" ಎಂದೆ. "ಬಹಳ ಒಳ್ಳೆಯ ಹುಡುಗ."