ಅಲುಗಾಡದೆ ಬಿದ್ದಿರುವ ವಿದ್ಯೆ

ಇದನ್ನು ಹೇಳಬೇಕೆಂದು ನಲವತ್ತು ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ. ನಾಳೆಗೆ ಮುಂದೂಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಾಯುವುದನ್ನು ನನಗೆ ಸರ್ಕಾರವೇ ಸಂಬಳ ಕೊಟ್ಟು ಕಲಿಸಿದೆ. ಸೈನ್ಯದಲ್ಲಿ ನಾನು ಸ್ನೈಪರ್ ಆಗಿದ್ದೆ, ಅಂದರೆ ಅಡಗಿಕೊಂಡು ದೂರದಿಂದ ಗುರಿಯಿಟ್ಟು ಹೊಡೆಯುವವನು. ಅದಕ್ಕೆ ಹದ್ದಿನ ಕಣ್ಣು ಬೇಕೆಂದು ಇಚಲಕರಂಜಿಯ ನಮ್ಮ ಓಣಿಯವರು ತಿಳಿದಿದ್ದಾರೆ. ಕಣ್ಣಿನ ಮಾತು ಆಮೇಲೆ. ಮೊದಲು ಬೇಕಾದದ್ದು, ಇರುವೆ ಕಿವಿಯೊಳಗೆ ಹೊಕ್ಕರೂ ಬೀಗರು ಬಂದರೆಂಬಂತೆ ಸಹಿಸಿಕೊಳ್ಳುವ ಗುಣ. ಹರಕು ಗೋಣಿಪಟ್ಟಿ, ಹುಲ್ಲು ಹೊದ್ದು ಗೇಣು ಗೇಣಾಗಿ ತೆವಳಬೇಕು. ಆಮೇಲೆ ತಾಸುಗಟ್ಟಲೆ ಬಿದ್ದಿರಬೇಕು. ನಿವೃತ್ತನಾದ ಮೇಲೂ ನಾನು ಹಾಗೇ ಬಿದ್ದಿರುವುದನ್ನು ಕಂಡು ಹೆಂಡತಿ, "ಜೀವ ಐತೋ ಹೋಗೇತೋ ಹೇಳರೆ ಹೇಳ್ರಿ, ನಾಕ ರೊಟ್ಟಿ ಕಡಿಮಿ ಬಡೀತೇನಿ" ಅನ್ನುತ್ತಾಳೆ.

ಈ ಕೆಲಸಕ್ಕೆ ಇಬ್ಬರು ಬೇಕು: ಹೊಡೆಯುವವನೊಬ್ಬ, ದುರ್ಬೀನು ಹಿಡಿದು ಗಾಳಿಯ ಲೆಕ್ಕ ಹೇಳುವವನೊಬ್ಬ. ನನ್ನ ಜೋಡಿ ಗಡಹಿಂಗ್ಲಜದ ಬಾಳಪ್ಪ. ಹುಲ್ಲು ಬಾಗುವುದನ್ನು ನೋಡಿಯೇ ಗಾಳಿ ಹೇಳುತ್ತಿದ್ದ. ಇಬ್ಬರಲ್ಲಿ ಜಾಣ ಅವನೇ. ತಂಬಾಕು ಮುಟ್ಟಿದವನಲ್ಲ. ತರಬೇತಿಯ ಕೊನೆಯ ಪರೀಕ್ಷೆಯ ದಿನ ನಾವು ಹುಲ್ಲಿನಲ್ಲಿ ಅಡಗಿದ್ದೆವು, ನಮಗೆ ಕಲಿಸಿದ ಉಸ್ತಾದರು ದುರ್ಬೀನಿನಲ್ಲಿ ಹುಡುಕುತ್ತಿದ್ದರು. ನಾಲ್ಕು ತಾಸು ಕಲ್ಲಿನಂತೆ ಬಿದ್ದಿದ್ದೆ. ಆಮೇಲೆ ನನ್ನ ಕೈ, ನನ್ನನ್ನು ಕೇಳದೆಯೇ, ಡಬ್ಬಿ ತೆಗೆದು, ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ, ಧೂಳು ಹಾರಲೆಂದು ನಮ್ಮ ಕಡೆಯ ಪದ್ಧತಿಯಂತೆ ಎರಡು ಸಲ ಚಟ್ ಚಟ್ ಎಂದು ತಟ್ಟಿತು.

"ಸತ್ತಿವಲ್ಲೋ ಮಗನ!" ಎಂದ ಅವನು.

ಉಸ್ತಾದರು ನೆಟ್ಟಗೆ ನಮ್ಮ ತಲೆಯ ಹತ್ತಿರ ಬಂದು ನಿಂತರು. ಡಬ್ಬಿ ಇಬ್ಬರ ನಡುವೆ ಬಿದ್ದಿತ್ತು, ಅವನ ಕಡೆಗೆ ಒಂದು ಬೆರಳು ಹೆಚ್ಚು. "ಕಿಸ್ಕಾ ಹೈ?" ಯಾರದಿದು ಎಂದರು. ನಾನೇ ಹೇಳಲೆಂದು ಅವನು ನನ್ನ ಮುಖ ನೋಡಿದ. ನಾನು ಕಲಿತ ವಿದ್ಯೆಯನ್ನೆಲ್ಲ ಖರ್ಚು ಮಾಡಿ, ರೆಪ್ಪೆ ಸಹ ಅಲುಗಿಸಲಿಲ್ಲ. ಅವನನ್ನು ಅಂದೇ ತರಬೇತಿಯಿಂದ ತೆಗೆದು ವಾಪಸು ಕಳಿಸಿದರು. ನನಗೆ ಬೇರೆ ಜೋಡಿ ಕೊಟ್ಟು, ಸ್ಥಿರತೆ ಅಂದರೆ ಇವನದು ಎಂದು ಬೆನ್ನು ತಟ್ಟಿದರು.

ಗಡಹಿಂಗ್ಲಜ ನನ್ನ ಹೆಂಡತಿಯ ತವರು. ಕಲಿತದ್ದನ್ನು ನಾನು ಹೆಚ್ಚು ಬಳಸಿದ್ದು ಆ ಊರಿನ ಸಂತೆಯಲ್ಲೇ. ಅವನು ದೂರದಲ್ಲಿ ಕಂಡರೆ ಸಾಕು, ಆಜರಾ ಅಕ್ಕಿಯ ಚೀಲಗಳ ಹಿಂದೆ ಕುಕ್ಕರಿಸುತ್ತಿದ್ದೆ. "ಕಾಕಾ, ಅಕ್ಕಿ ತಗೊಳ್ಳಾಕ ಬಂದೀರೋ, ನಮ್ಮ ಜೋಡಿ ಮಾರಾಕ ಕುಂತೀರೋ?" ಎಂದು ಅಂಗಡಿಯಾಕೆ ಕೇಳಿದ್ದುಂಟು.

ಹೋದ ತಿಂಗಳು ಕೊಲ್ಹಾಪುರದ ಬಸ್ಸಿನಲ್ಲಿ ಸಿಕ್ಕ ಹಳೆಯ ಸಿಪಾಯಿಯೊಬ್ಬ, ಬಾಳಪ್ಪನ ಎರಡೂ ಕಣ್ಣು ಹೋದವು ಎಂದ. ನನಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ಇದನ್ನು ಬರೆಯುವುದಕ್ಕೂ ನಾಚಿಕೆ. ಮರುದಿನವೇ ತಪ್ಪಾಯಿತೆಂದು ಹೇಳಲು ಹೋದೆ. ಮನೆಯ ಕಟ್ಟೆಯ ಮೇಲೆ ಕೂತಿದ್ದ. ನಾಲ್ಕು ಮಾರು ದೂರದಲ್ಲಿ, ಬಾಯಲ್ಲಿ ತಂಬಾಕು ಇಟ್ಟುಕೊಂಡು, ಉಸಿರು ಬಿಗಿಹಿಡಿದು ನಿಂತೆ. ಅವನು ಮೂಗು ಮೇಲೆತ್ತಿದ.

"ಗಾಳಿ ಎಡಗಡಿಂದ ಬರಾಕತ್ತೇತಿ," ಎಂದ. ಇನ್ನೊಮ್ಮೆ ಮೂಸಿ, "ತಂಬಾಕ ಯಾರದ್ರೀ?" ಎಂದ.

ಸಪ್ಪಳವಾಗದಂತೆ, ಗೇಣು ಗೇಣಾಗಿ ಹಿಂದೆ ಸರಿದುಬಂದೆ. ಉಸ್ತಾದರಿದ್ದಿದ್ದರೆ ಮತ್ತೊಮ್ಮೆ ಬೆನ್ನು ತಟ್ಟುತ್ತಿದ್ದರು. ಬಾಯಿಬಿಟ್ಟು ಹೇಳಿದ್ದರೆ ಕೇಳುತ್ತಿದ್ದವನಿಗೆ ಹೇಳದೆ, ಅವನು ಓದಲಾರನೆಂದು ಖಾತ್ರಿಯಾದ ಮೇಲೆ ಬರೆಯಲು ಕೂತಿದ್ದೇನೆ.

ಡಬ್ಬಿ ನನ್ನದು, ಬಾಳಪ್ಪ.