ಬರ್ತೀನಿ ಅಂದಾಕಿ ಎಲ್ಲಿದ್ದಾಳ?

ಗುರಮ್ಮನ ತಕರಾರು ಒಂದೇ: ಎಪ್ಪತ್ತೊಂದು ವರ್ಷ ಸರಿಯಾಗಿ ನಡೆದುಬಂದ ಮಾತನ್ನು ಬಾಗಿಲ ಪಕ್ಕದ ಅಂಗೈಯಗಲದ ಪೆಟ್ಟಿಗೆಯೊಂದು ಒಂದೇ ದಿನದಲ್ಲಿ ತಲೆಕೆಳಗು ಮಾಡಿತ್ತು.

ಪೆಟ್ಟಿಗೆ ಬಂದದ್ದು ಶರಣಬಸಮ್ಮನ ಸಲುವಾಗಿ. ಆಕೆ ಗುರಮ್ಮನ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ; ಮರೆವಿನ ರೋಗ. ಹೋದ ತಿಂಗಳು ಮೆಲ್ಲಗೆ ಹೊರಬಿದ್ದು, ಘೋಡಬಂದರ್ ರಸ್ತೆಯ ಬಸ್ ಸ್ಟಾಪಿನಲ್ಲಿ ಕೂತು, ದೂರದ ತಮ್ಮೂರು ಆಳಂದದ ಬಸ್ಸು ಬಂತೇನೆಂದು ಕಂಡವರನ್ನೆಲ್ಲ ಕೇಳಿದ್ದಳು. ಅಂದೇ ಗುರಮ್ಮನ ಮಗ ರಾಜಶೇಖರ (ಕಳಂಬೋಲಿಯಲ್ಲಿ ಕಬ್ಬಿಣ ಮಾರುತ್ತಾನೆ, ಮಾತೂ ಅದೇ ಸರಕು) ತೀರ್ಪು ಕೊಟ್ಟ: "ಇನ್ನೊಮ್ಮೆ ಹಿಂಗಾದ್ರ ದೊಡ್ಡವ್ವನ್ನ ಆಶ್ರಮಕ್ಕ ಬಿಡೂದೇ, ಅವ್ವಾ."

ನಲವತ್ತು ವರ್ಷ ಒಂದೇ ಒಲೆಯ ಮುಂದೆ ಜಗಳಾಡಿದವಳನ್ನು ಕಳಿಸಿಕೊಟ್ಟು ತಾನು ಯಾರ ಕೂಡ ಜಗಳಾಡುವುದು? ಗುರಮ್ಮ ಪೆಟ್ಟಿಗೆಗೆ ಒಪ್ಪಿದಳು.

ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಸೊಸೆ ಕಾಂಚನಾ ಪಾಠ ಹೇಳಿದಳು: "ಅತ್ತಿ, ಇದಕ್ಕ ನಿಮ್ಮ ಆವಾಜ್ ಗೊತ್ತದ. 'ಹೋಗ್ತೀನಿ' ಅಂದ್ರ ಬಾಗಿಲಾ ತೆರೆದು ಹೊರಗ ಹೋದ್ರಿ ಅಂತ ಬರಕೋತದ, 'ಬರ್ತೀನಿ' ಅಂದ್ರ ಒಳಗ ಬಂದ್ರಿ ಅಂತ. ದೊಡ್ಡತ್ತಿ ಆವಾಜಿಗೆ ಮಾತ್ರ ತೆರೆಯಂಗಿಲ್ಲ. ಲೈಟ್ ಹೋದ್ರ ತಾನೇ ತೆರಿತದ. ಸಮಜಲಂ ಕಾ, ತಿಳೀತಲ್ಲ?"

ಗುರಮ್ಮನಿಗೆ ಕುತೂಹಲ ತಡೆಯಲಿಲ್ಲ. ಕಣ್ಣಿಲ್ಲ, ಮೂಗಿಲ್ಲ, ಗುರುತು ಹೇಗೆ ಹಿಡಿದೀತು? ಬೆರಳಿಂದ ತಟ್ಟಿದಳು, ಕಿವಿಯಿಟ್ಟಳು.

"ನಿನ್ನ ತವರು ಯಾವೂರವಾ?"

"ಕ್ಷಮಿಸಿ, ನನಗೆ ತಿಳಿಯಲಿಲ್ಲ."

"ಅಯ್ಯ, ಪಾಪ!"

ಮರುದಿನ ಮಗ, ಸೊಸೆ ಕೆಲಸಕ್ಕೆ ಹೋದರು. ಸಾರಿಗೆ ಕೊತ್ತಂಬರಿ ಇರಲಿಲ್ಲ. "ಅಕ್ಕಾ, ಬರ್ತೀನಿ" ಎಂದು ಗುರಮ್ಮ ಎದ್ದಳು. ಹೊಸ ಪೆಟ್ಟಿಗೆ, ಆಕೆ ಒಳಗೋ ಹೊರಗೋ ಅದಕ್ಕಿನ್ನೂ ಗೊತ್ತಿರಲಿಲ್ಲ. "ಮನೆಗೆ ಸ್ವಾಗತ, ಗುರಮ್ಮ" ಎಂದು ಬಾಗಿಲು ತೆರೆಯಿತು. ಮರ್ಯಾದಸ್ಥ ಪೆಟ್ಟಿಗೆ ಎಂದುಕೊಳ್ಳುತ್ತ ಆಕೆ ಹದಿನಾಲ್ಕು ಮಹಡಿ ಇಳಿದಳು.

ತಿರುಗಿ ಬಂದು, "ಬಂದೆ, ತೆಗಿ" ಎಂದಳು.

"ಗುರಮ್ಮ, ನೀವು ಮನೆಯೊಳಗೇ ಇದ್ದೀರಿ. ಗಾಬರಿ ಬೇಡ."

ಗುರಮ್ಮ ಸಾವಧಾನವಾಗಿ ನೋಡಿಕೊಂಡಳು. ಹಿಂದೆ ಲಿಫ್ಟು. ಕಾಲಲ್ಲಿ ಚಪ್ಪಲಿ. ಕೈಯಲ್ಲಿ ಕೊತ್ತಂಬರಿ.

"ನಾ ಹೊರಗದೀನಿ!"

"ಹಾಗನ್ನಿಸುವುದು ಸಹಜ. ಕುಳಿತುಕೊಂಡು ಸ್ವಲ್ಪ ನೀರು ಕುಡಿಯಿರಿ."

ತಾನು ಒಳಗಿದ್ದರೆ ಈ ಕೊತ್ತಂಬರಿ ಹಿಡಿದು ನಿಂತವಳು ಯಾರು? (ಮಠದ ಸ್ವಾಮಿಗಳು ವರ್ಷಗಟ್ಟಲೆ ಕೂತು ಬಿಡಿಸುವ ಪ್ರಶ್ನೆ.) ಮತ್ತೆ ಹೇಳಿದಳು, ಮತ್ತೆ ಹೇಳಿದಳು. ಹನ್ನೊಂದನೆಯ ಸಲಕ್ಕೆ ಗುಟ್ಟು ಹೊಳೆಯಿತು. ಬರ್ತೀನಿ ಅಂದು ತಾನು ಹೋಗಿದ್ದಳು; ಬರ್ತೀನಿ ಅಂದಳೆಂದು ಇದು ಬಂದಳೆಂದುಕೊಂಡಿತ್ತು! ಈಗ ಒಂದು ಸಲ 'ಹೋಗ್ತೀನಿ' ಅಂದರೆ ಎಲ್ಲ ಸರಿಹೋದೀತು. ಆದರೆ ಹೊಸ್ತಿಲಲ್ಲಿ ನಿಂತು ಆ ಬೋಳು ಮಾತು ಆಡುವುದುಂಟೆ? ಗಂಡ ಕೂಡ ಕೊನೆಯ ದಿನ "ಬರ್ತೀನಿ" ಎಂದೇ ಹೋಗಿದ್ದ. (ಬರಲಿಲ್ಲ. ಆದರೆ ಮಾತು ತಪ್ಪಾಗಿರಲಿಲ್ಲ.)

ಅಷ್ಟರಲ್ಲಿ ಒಳಗೆ ಶರಣಬಸಮ್ಮನ ದನಿ ಏರಿತು.

"ಯಾರದು ಗುರಮ್ಮನ ಕೂಡ ಜಗಳಾಡೂದು? ಅದು ನನ್ನ ಕೆಲಸ! ಬರ್ತೀನಿ ಅಂದಾಕಿ ಹೊರಗ ಹೋಗ್ಯಾಳ ಅಂತ ಕೂಸಿಗೂ ತಿಳಿತದ. ಮುಚ್ಚು ಬಾಯಿ!"

ಆಕೆ ಎಳೆದ ಎಳೆತಕ್ಕೆ ಪೆಟ್ಟಿಗೆಯ ತಂತಿ ಕಿತ್ತುಬಂತು. ಅದರ ದೀಪ ಆರಿತು, ಬಾಗಿಲು ತೆರೆಯಿತು. ಹೊಸ್ತಿಲ ಮೇಲೆ ಶರಣಬಸಮ್ಮ, ಎದುರಿಗೇ ಲಿಫ್ಟು. ಗುರಮ್ಮ ದಾರಿಗೆ ಅಡ್ಡ ನಿಂತಳು.

ಶರಣಬಸಮ್ಮ ಕೊತ್ತಂಬರಿ ಕಸಿದು ಮೂಸಿದಳು. "ಬಾಡೇದ" ಎಂದು ಒಳಗೆ ನಡೆದಳು. ಗುರಮ್ಮ ತಂತಿಯನ್ನು ಮೊದಲಿನ ಹಾಗೇ ಸಿಕ್ಕಿಸಿಟ್ಟಳು.

ಆದರೆ ಪೆಟ್ಟಿಗೆ ಕಾಂಚನಾಳ ಫೋನಿಗೆ ಚಾಡಿ ಹೇಳಿ ಮುಗಿಸಿತ್ತು. ಸಂಜೆ ಆಕೆ ಓದಿದಳು: "ಶರಣಬಸಮ್ಮ, ಹೊರಹೋಗುವ ಯತ್ನವಿಲ್ಲ, ಉತ್ತಮ. ಗುರಮ್ಮ, ಒಳಗಿದ್ದೂ ಹೊರಗಿರುವುದಾಗಿ ಹನ್ನೊಂದು ಸಲ ಹೇಳಿಕೆ. ಮರೆವು ತೀವ್ರ."

ಗುರಮ್ಮ ಬಾಯಿ ತೆರೆದಳು. ಹೇಳಿದರೆ ತಂತಿಯ ಕಥೆ, ತಂತಿಯ ಹಿಂದೆ ಆಶ್ರಮ. ಬಾಯಿ ಮುಚ್ಚಿದಳು.

ರಾಜಶೇಖರ ನಿಟ್ಟುಸಿರುಬಿಟ್ಟ. "ದೊಡ್ಡವ್ವ ಇಲ್ಲೇ ಇರ್ಲಿ ಬಿಡು. ಅವ್ವನ್ನ ನೋಡಕೊಳ್ಳಾಕ ಯಾರರೆ ಬೇಕಲ್ಲ."

ದೊಡ್ಡತ್ತಿಗೆಂದು ತಂದಿದ್ದ ಗುರುತಿನ ಪಟ್ಟಿಯನ್ನು ಕಾಂಚನಾ ಗುರಮ್ಮನ ಮಣಿಕಟ್ಟಿಗೆ ಬಿಗಿದಳು. ಶರಣಬಸಮ್ಮ ಹತ್ತಿರ ಸರಿದು, ಗುರಮ್ಮನ ತಲೆ ಸವರಿದಳು.

"ಹೆದರಬ್ಯಾಡವಾ, ನಾ ಅದೀನಿ." ತುಸು ಹೊತ್ತು ಮುಖ ನೋಡಿ ಕೇಳಿದಳು, "ಅಂದಂಗ, ನೀ ಯಾರ ಪೈಕಿ?"