ಉಸ್ತುವಾರಿಯ ಕುರ್ಚಿ

ಒಂದು ಸಹಿ ಬೀಳಬೇಕಿತ್ತು, ಅಷ್ಟೆ. ಬಿದ್ದಿದ್ದರೆ ಅಂದು ಸಂಜೆಯ ವಿಮಾನ ಹತ್ತಿ ಗಡಿಬಿಡಿ ಮನೆಗೆ ಹೊರಟುಬಿಡುತ್ತಿದ್ದಳು. ಗಡಿಬಿಡಿ ಎಂಬ ಅಡ್ಡಹೆಸರು ಮನೆಯವರಿಟ್ಟದ್ದು. ಯಾವ ಕಾಗದವನ್ನೂ ಓದದೆ ಕೆಳಗೆ ಸಹಿ ಗೀಚುವ ಹುಡುಗಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಕಾಲೇಜಿಗೆ ಸೇರುವ ಮೊದಲು ಒಂದು ವರ್ಷ ಪರದೇಶದಲ್ಲಿ ಸ್ವಯಂಸೇವೆ ಮಾಡಿ ಬರುತ್ತೇನೆಂದಾಗ ಅಪ್ಪ, "ಒಂದು ವರ್ಷ ದಂಡ" ಎಂದಿದ್ದರು. ಸೇವೆಯ ಪ್ರಮಾಣಪತ್ರ ತಂದವರಿಗೆ ವಿಶ್ವವಿದ್ಯಾಲಯ ಸೀಟು ತೆಗೆದಿಡುತ್ತದೆ ಎಂದು ಹೇಳಿ ಅವರ ಬಾಯಿ ಮುಚ್ಚಿಸಿದ್ದಳು. ಪತ್ರ ಒಪ್ಪಿಸಲು ನಾಳೆಯೇ ಕಡೇ ದಿನ.

ಅವಳು ಸೇರಿದ್ದ ಹಳೇ ದಾಖಲೆ ಕಚೇರಿಯ ಕೆಲಸವೇನೋ ಕಷ್ಟದ್ದಲ್ಲ. ಎಂದೋ ಬಂದ ಪ್ರವಾಹದಲ್ಲಿ ನೆನೆದ ದಾಖಲೆಗಳ ಹಾಳೆ ಬಿಡಿಸಿ, ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು ಒಣಗಿಸಬೇಕು. ಆದರೆ ಸಂಜೆ ಗರಿಗರಿಯಾಗಿದ್ದ ಹಾಳೆ ಬೆಳಿಗ್ಗೆ ನೋಡಿದರೆ ಮತ್ತೆ ಒದ್ದೆ. ಕೇಳಿದರೆ, "ಇಲ್ಲಿನ ಹವಾ ಹಾಗೆ" ಎಂದು ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

ಎಲ್ಲರೂ ಎಂದರೆ ಮೂವರು. ಒಬ್ಬಳು ಅಡುಗೆಯವಳು, ಇನ್ನಿಬ್ಬರು ವಾಚ್‌ಮನ್ ಮತ್ತು ಮಾಲಿ. ಅಡುಗೆಯವಳ ತಲೆಯಲ್ಲಿ ಒಂದು ಕಪ್ಪು ಕೂದಲಿಲ್ಲ. ಆದರೂ ಅಕ್ಕ ಎನ್ನಬೇಕು, ಅಜ್ಜಿ ಎಂದರೆ ಆ ಹೊತ್ತಿನ ಊಟಕ್ಕೆ ಕುತ್ತು. ಅಂದು ಮೂವರಿಗೂ ಗಡಿಬಿಡಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತ್ತು. ವಾಚ್‌ಮನ್ ಅವಳ ಬೂಟು ಒರೆಸಿಟ್ಟಿದ್ದ.

"ಇವತ್ತಿಗೆ ಸರಿಯಾಗಿ ಒಂದು ವರ್ಷ ಆಯ್ತಲ್ಲಮ್ಮ?" ಎಂದ ಮಾಲಿ. "ನಾನು ಎರಡೆರಡು ಸಲ ಎಣಿಸಿದೀನಿ."

"ಹೌದು. ಅಕ್ಕಾ, ಸಹಿ ಹಾಕೋ ಸಾಹೇಬರು ಯಾವಾಗ ಬರ್ತಾರೆ?"

"ಅವರು ಹೋಗಿ ಬಹಳ ದಿನ ಆಯ್ತು ಕಣಮ್ಮ."

"ಬಹಳ ಅಂದ್ರೆ?"

ಅಕ್ಕ ಬೆರಳು ಮಡಿಸಿ ಎಣಿಸತೊಡಗಿದಳು. ಹತ್ತು ಬೆರಳೂ ಮುಗಿದ ಮೇಲೆ ಕೈಬಿಟ್ಟಳು. "ನಮ್ಮದೂ ಸಹಿಯಾಗದೆ ಹಾಗೇ ಇದೆ" ಎಂದು ಸೊಂಟದಿಂದ ಒಂದು ಕಾಗದ ತೆಗೆದಳು. ವಾಚ್‌ಮನ್ ಟೋಪಿಯೊಳಗಿಂದ ಒಂದು, ಮಾಲಿ ಹೂಕುಂಡದ ಅಡಿಯಿಂದ ಇನ್ನೊಂದು ತೆಗೆದರು. ಮೂರೂ ಗಡಿಬಿಡಿಯ ಕೈಯಲ್ಲಿದ್ದಂಥದೇ ಪ್ರಮಾಣಪತ್ರಗಳು.

"ನೀವೆಲ್ಲ ಇಲ್ಲಿನ ಕೆಲಸದವರಲ್ವಾ?"

"ನಾನು ಒಂದೇ ವರ್ಷಕ್ಕೆ ಅಂತ ಬಂದವಳು. ಆಮೇಲೆ ಡಾಕ್ಟರ್ ಓದೋದಿತ್ತು."

ಅಕ್ಕನ ಕಾಗದದ ಮೇಲಿದ್ದ ತಾರೀಕು ಗಡಿಬಿಡಿಯ ಅಮ್ಮ ಹುಟ್ಟುವುದಕ್ಕೂ ಹಿಂದಿನದು.

ವಾಚ್‌ಮನ್ ಸಮಾಧಾನವಾಗಿ ವಿವರಿಸಿದ. ಒಂದು ವರ್ಷ ಮುಗಿಸಿದವರು ಯಾರಾದರೂ ಉಸ್ತುವಾರಿ ಕುರ್ಚಿಯಲ್ಲಿ ಕೂತು ಬೇರೆಯವರ ಪತ್ರಕ್ಕೆ ಸಹಿ ಹಾಕಬಹುದು. ತಮ್ಮದಕ್ಕೆ ಮಾತ್ರ ತಾವೇ ಹಾಕಿಕೊಳ್ಳುವಂತಿಲ್ಲ.

"ಹಾಗಿದ್ರೆ ನಿಮ್ಮಲ್ಲೇ ಒಬ್ಬರು ಕೂರಬಹುದಿತ್ತಲ್ಲ?"

"ನಾನು ಕೂರಲಿ ಅಂತ ಇವನು, ಇವನು ಕೂರಲಿ ಅಂತ ನಾನು" ಎಂದ ಮಾಲಿ. "ಹಾಗೇ ಸ್ವಲ್ಪ ತಡ ಆಯ್ತು."

ಅಕ್ಕ ಗಡಿಬಿಡಿಯ ಕೆನ್ನೆ ಸವರಿದಳು. "ನೀನು ನಮ್ಮದಕ್ಕೆ ಹಾಕು. ಆಮೇಲೆ ನಾನು ಕೂತು ನಿನ್ನದಕ್ಕೆ ಹಾಕ್ತೀನಿ. ಈ ವಯಸ್ಸಲ್ಲಿ ನಾನು ಯಾವ ಕಾಲೇಜಿಗೆ ಹೋಗ್ಲಿ?"

ವರ್ಷವಿಡೀ ಬಡಿಸಿದ ಕೈ, ನಂಬದಿರುವುದು ಹೇಗೆ? ವಾಚ್‌ಮನ್ ಹೋಗಿ ಉಸ್ತುವಾರಿ ಕೋಣೆಯ ಬೀಗ ತೆಗೆದ. ಮೇಜಿನ ಮೇಲೆ ಹಾಸಿದಂತೆ ಧೂಳು, ಕಿಟಕಿ ತುಂಬ ಜೇಡರ ಬಲೆ. ಗಡಿಬಿಡಿ ಕುರ್ಚಿಯಲ್ಲಿ ಕೂತಳು. ಕುರ್ಚಿ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ಮಾಲಿ ಮುಂದೆ ಹಿಡಿದ ದಪ್ಪ ರಿಜಿಸ್ಟರಿಗೆ, ರೂಢಿಯಂತೆ ಓದದೆ, ಒಂದು ಸಹಿ ಬಿತ್ತು.

ಆಮೇಲೆ ವಾಚ್‌ಮನ್ನನ ಪತ್ರಕ್ಕೆ ಸಹಿ ಹಾಕಿದಳು. ಅವನು ಕೈಮುಗಿದು ಹೊರಟ. ಹೆಜ್ಜೆ ಸದ್ದು ಮೆಟ್ಟಿಲ ತುದಿಯವರೆಗೆ ಕೇಳಿಸಿತು, ಇಳಿದದ್ದು ಕೇಳಿಸಲಿಲ್ಲ. ಮಾಲಿಯದೂ ಹಾಗೇ. ಅಕ್ಕನ ಪತ್ರಕ್ಕೆ ಬರುವಷ್ಟರಲ್ಲಿ ಗಡಿಬಿಡಿಯ ಕೈ ತಾನಾಗಿಯೇ ಓಡುತ್ತಿತ್ತು. ಮೂಡಿದ ಸಹಿ ಅವಳದಾಗಿರಲಿಲ್ಲ. ರಿಜಿಸ್ಟರಿನ ಹಳೇ ಪುಟಗಳಲ್ಲೆಲ್ಲ ಇದ್ದದ್ದು ಅದೇ ಸಹಿ.

"ಅಕ್ಕಾ, ಬೇಗ ನೀವು ಕೂತ್ಕೊಳ್ಳಿ."

"ಕೂರದೆ ಏನಮ್ಮ? ಒಲೆ ಮೇಲೆ ಹಾಲಿಟ್ಟು ಬಂದಿದೀನಿ. ಇಳಿಸಿ ಬಂದೆ."

ಅರ್ಧ ಗಂಟೆ ಕಾದು ಗಡಿಬಿಡಿ ಅಡುಗೆಮನೆಗೆ ಓಡಿದಳು. ಒಲೆ ತಣ್ಣಗಿತ್ತು. ಪಾತ್ರೆಗಳ ಮೇಲೆ ಎಷ್ಟೋ ವರ್ಷದ ಧೂಳು. ಬೆಳಿಗ್ಗೆ ತಿಂಡಿ ಬೇಯಿಸಿದ್ದೂ ಅದೇ ಪಾತ್ರೆಗಳಲ್ಲಿ. ಕಿಟಕಿಯಾಚೆ ರಸ್ತೆ ಹಗಲ ಬೆಳಕಲ್ಲಿ ಉದ್ದಕ್ಕೂ ಬಿದ್ದಿತ್ತು, ಅದರ ಮೇಲೆ ಒಂದು ನರಪಿಳ್ಳೆಯಿಲ್ಲ. ಅವಳಿಗೆ ಅಳು ಒತ್ತರಿಸಿ ಬಂತು. ಅಪ್ಪನ ಮುಖ ಕಣ್ಣಮುಂದೆ ಬಂದಾಗ ಇನ್ನಷ್ಟು ಅತ್ತಳು.

ವಾಪಸು ಬಂದು, ಹುಟ್ಟಿದ ಮೇಲೆ ಮೊದಲ ಬಾರಿಗೆ, ಒಂದು ಕಾಗದವನ್ನು ಪೂರ್ತಿ ಓದಿದಳು. ಒಂದು ವರ್ಷ ಸೇವೆ ಮುಗಿಸಿದ ಇನ್ನೊಬ್ಬರು ಈ ಕುರ್ಚಿಯಲ್ಲಿ ಕೂರುವ ತನಕ ಉಸ್ತುವಾರಿಗೆ ಬಿಡುಗಡೆಯಿಲ್ಲ ಎಂದು ಅವಳು ಸಹಿ ಹಾಕಿದ ರಿಜಿಸ್ಟರಿನ ಪುಟದಲ್ಲಿ ಬರೆದಿತ್ತು.

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ದಪ್ಪ ಕನ್ನಡಕದ ಹುಡುಗಿ, ಕೈಯಲ್ಲಿ ಸೂಟ್‌ಕೇಸು. ಹೊಸ ಸ್ವಯಂಸೇವಕಿ. ಗಡಿಬಿಡಿಗೆ ಹೋದ ಜೀವ ಬಂದಂತಾಯಿತು. ಸೀಟು ಹೋದರೆ ಹೋಗಲಿ, ಒಂದು ವರ್ಷ ಹಲ್ಲುಕಚ್ಚಿದರೆ ಇವಳನ್ನು ಕೂರಿಸಿ ಪಾರಾಗಬಹುದು. ತನಗೇ ಆಶ್ಚರ್ಯವಾಗುವಷ್ಟು ಅಕ್ಕರೆಯಿಂದ ಸೂಟ್‌ಕೇಸಿಗೆ ಕೈ ಹಾಕಿದಳು.

"ಬಾಮ್ಮ, ಬಾ. ಒಂದು ವರ್ಷ ಹೇಗೆ ಕಳೀತು ಅಂತಾನೇ ಗೊತ್ತಾಗಲ್ಲ."

ಹುಡುಗಿ ಉಸ್ತುವಾರಿ ಕೋಣೆಯೊಳಗೆ ಇಣುಕಿ ನೋಡಿ, ಒಳಬಂದು, ಕುರ್ಚಿಯಿಂದ ಎರಡು ಹೆಜ್ಜೆ ದೂರವೇ ನಿಂತಳು.

"ನಾನು ಮುಂದೆ ಲಾ ಓದೋಳು, ಮೇಡಂ. ನಿಯಮ ಪೂರ್ತಿ ಓದ್ಕೊಂಡೇ ಬಂದಿದೀನಿ" ಎಂದು ಚೀಲದಿಂದ ತನ್ನ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟಳು. ಮುಂದಿನ ವರ್ಷದ ತಾರೀಕು ಆಗಲೇ ಬರೆದಾಗಿತ್ತು. "ವರ್ಷ ಮುಗಿದ ದಿನ ಇದಕ್ಕೆ ನಿಮ್ಮದೊಂದು ಸಹಿ ಸಾಕು. ಅಲ್ಲೀವರೆಗೆ ನೀವು ಎದ್ದುಗಿದ್ದು ಹೋಗ್ಬೇಡಿ."